ಅಪ್ಪನ ಕೊರಳಿಗೆ ಬಣ್ಣದ ಮಾಲೆ

ನನ್ನ ಅಪ್ಪ ಬಸ್ರಾದಲ್ಲಿ ಸತ್ತನೋ ಬದುಕಿದನೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಕಾರವಾರ ಪೇಟೆಯ ಒಂದು ಫೋಟೋ ಸ್ಟುಡಿಯೋದ ಮಹಡಿಯಲ್ಲಿ, ಅವನನ್ನು ಎಂದೂ ಕಂಡಿರದ ಮನುಷ್ಯನೊಬ್ಬ ಕುಂಚ ಹಿಡಿದು ಅವನನ್ನು ಸಾಯಿಸಿದ. ಅದು ಮೂವತ್ತರ ದಶಕದ ನಡುವಿನ ಮಾತು. ಅಪ್ಪ ಹೋಗಿದ್ದ ಆ ಮೊದಲ ಮಹಾಯುದ್ಧ ಮುಗಿದು ಆಗಲೇ ಬಹಳ ವರ್ಷಗಳಾಗಿದ್ದವು. ನಾನು ಮೀಸೆ ಬಂದ ಗಂಡಸಾಗಿದ್ದೆ, ಅರ್ಗಾದ ಶಾಲೆಯಲ್ಲಿ ಮಾಸ್ತರನಾಗಿದ್ದೆ.

ನಾವು ಅಂಕೋಲೆಯ ಕೇಣಿಯವರು, ಮೀನು ಹಿಡಿಯುವ ಜನ. ಯುದ್ಧದ ಕಾಲದಲ್ಲಿ ಕಾರವಾರದ ಕಚೇರಿಯವರು ದಂಡೆಯ ಊರೂರಿಗೆ ಬಂದು ದೋಣಿ ನಡೆಸಬಲ್ಲ ಗಂಡಸರನ್ನು ಹುಡುಕಿದರಂತೆ. ಕಡಲಾಚೆಯ ಬಸ್ರಾದ ಹೊಳೆಯಲ್ಲಿ ಸೈನ್ಯದ ಸಾಮಾನು ಸಾಗಿಸುವ ದೋಣಿಗಳಿಗೆ ಖಲಾಸಿಗಳು ಬೇಕಾಗಿದ್ದರು. ಅಪ್ಪ ಹೋದ. ನಾನಾಗ ಆಯಿಯ ಹೊಟ್ಟೆಯಲ್ಲಿದ್ದೆ. ಯುದ್ಧ ಮುಗಿದ ಮೇಲೆ ಅವನ ಜೊತೆಗೆ ಹೋಗಿದ್ದ ಮಾಜಾಳಿಯವನೊಬ್ಬ ತಿರುಗಿ ಬಂದ, ಅಪ್ಪ ಬರಲಿಲ್ಲ. ಮಾಜಾಳಿಯವನು ಆಯಿಯ ಕೈಗೆ ಒಂದು ಫೋಟೋ ಕೊಟ್ಟು, "ನಾ ಹೊರಡುವಾಗ ಅಂವ ಗಟ್ಟಿಯಾಗೇ ಇದ್ದಿದ್ದ. ಬೇರೆ ದೋಣಿಗೆ ಹಾಕಿದ್ರು. ಹಿಂದಿಂದ ಬರ್ತ" ಎಂದು ಹೇಳಿ, ಇಟ್ಟ ಗಂಜಿ ಉಂಡು ಎದ್ದುಹೋದ.

ಬಸ್ರಾದ ಯಾವುದೋ ಸ್ಟುಡಿಯೋದಲ್ಲಿ ತೆಗೆದ ಅಂಗೈಯಷ್ಟು ಫೋಟೋ ಅದು. ಹಿಂದೆ ಕಮಾನುಗಳ ಅರಮನೆ ಬಿಡಿಸಿದ ಪರದೆ. ಮುಂದೆ ಖಾಕಿ ಕೋಟು ತೊಟ್ಟು, ತೋಳು ನೆಟ್ಟಗೆ ಇಳಿಬಿಟ್ಟು ನಿಂತ ನನ್ನ ಅಪ್ಪ. ಕೋಟು ಅವನಿಗಿಂತ ದೊಡ್ಡದು. ಕಿವಿಯಲ್ಲಿ ಒಂಟಿ, ಅದರ ಹರಳು ಫೋಟೋದಲ್ಲಿ ಕರಿ ಚುಕ್ಕೆಯಾಗಿ ಕಾಣುತ್ತಿತ್ತು.

ಅದಾಗಿ ಎಷ್ಟೋ ದಿನಕ್ಕೆ ಊರ ಪಟೇಲ ಬಂದು ಒಂದು ಕಂಚಿನ ಬಿಲ್ಲೆ ಕೊಟ್ಟ. ಅದರ ಒಂದು ಮಗ್ಗುಲಿಗೆ ರಾಜನ ಮುಖ, ಮೇಲೆ ಪಟ್ಟೆಪಟ್ಟೆಯ ರಿಬ್ಬನ್ನು. ಸರಕಾರ ಅದರ ಜೊತೆಗೆ ಒಂದು ಮಾತನ್ನೂ ಹೇಳಿ ಕಳಿಸಿರಲಿಲ್ಲ. ನಿಮ್ಮ ಗಂಡ ಬದುಕಿದ್ದಾನೆ ಎಂದಾಗಲಿ, ಸತ್ತಿದ್ದಾನೆ ಎಂದಾಗಲಿ ಹೇಳಲು ಅದಕ್ಕೆ ಬಾಯಿ ಬರಲಿಲ್ಲ. ಹೇಳದೆ ಬಿಟ್ಟದ್ದನ್ನು ಆಯಿ ತಾನೇ ತುಂಬಿಕೊಂಡಳು.

"ಸತ್ತವ್ರಿಗೆ ಯಾರಾದ್ರೂ ಬಿಲ್ಲೆ ಕೊಡ್ತ್ರಾ? ಹಾಕ್ಕಳ್ಳುಕೆ ಎದೆ ಬೇಕಲ್ದಾ?" ಎನ್ನುತ್ತಿದ್ದಳು.

ಈ ಒಂದು ಮಾತಿನ ಮೇಲೆ ಅವಳ ಕುಂಕುಮ ನಿಂತಿತ್ತು. ಬೆಳಗಾದರೆ ಹಣೆಗೆ ಕಾಸಿನಗಲ ಕುಂಕುಮ, ಕೈತುಂಬ ಹಸಿರು ಬಳೆ, ತುರುಬಿಗೆ ಅಬ್ಬಲಿಗೆ ಹೂವಿನ ದಂಡೆ. ಮೀನಿನ ಬುಟ್ಟಿ ಹೊತ್ತು ಅಂಕೋಲೆ ಪೇಟೆಗೆ ಹೊರಟರೂ ಹೂವಿಲ್ಲದೆ ಹೊರಟವಳಲ್ಲ. ಕೇರಿಯಲ್ಲಿ ಮದುವೆಯಾದರೆ ಮುತ್ತೈದೆಯರ ಸಾಲಿನಲ್ಲಿ ಅವಳೇ ಮೊದಲು ಹೋಗಿ ನಿಲ್ಲುತ್ತಿದ್ದಳು, ಯಾರಾದರೂ ಏನಾದರೂ ಅನ್ನಲಿ ನೋಡೋಣ ಎಂಬ ಹಾಗೆ. ಹಿಂದಿನಿಂದ ಗುಸುಗುಸು ಇದ್ದೇ ಇತ್ತು. ಆದರೆ ಎದುರಿಗೆ ಯಾರೂ ಬಾಯಿಬಿಡಲಿಲ್ಲ. ನಮ್ಮ ಕೇರಿಯಲ್ಲಿ ಕಡಲಿಗೆ ಹೋಗಿ ತಿರುಗಿ ಬಾರದವರ ಸುದ್ದಿಯನ್ನು ಬಾಯಿಂದ ಹೇಳುವ ಪದ್ಧತಿಯೇ ಇರಲಿಲ್ಲ. ಹಿರಿಯರು ಆ ಮನೆಯ ಅಂಗಳಕ್ಕೆ ಬಂದು ಮಾತಿಲ್ಲದೆ ಕೂರುತ್ತಿದ್ದರು, ಮನೆಯವರು ಅರ್ಥ ಮಾಡಿಕೊಳ್ಳುತ್ತಿದ್ದರು, ಅಷ್ಟೇ. ನಮ್ಮ ಅಂಗಳಕ್ಕೆ ಹಾಗೆ ಯಾರೂ ಬಂದು ಕೂತಿರಲಿಲ್ಲ. ಆದ್ದರಿಂದ ಅಪ್ಪ ಬದುಕಿದ್ದ.

ಇಂಥ ಮನೆಯ ಮೇಲೆ ಪೆನ್ಶನ್ ರಾಯರ ಕಣ್ಣು ಬಿತ್ತು.

ಅವರು ಕಾರವಾರದ ಕಾಜುಬಾಗದ ಕಡೆ ಇದ್ದ ನಿವೃತ್ತ ಅಧಿಕಾರಿ. ಯುದ್ಧದ ಕಾಲದಲ್ಲಿ ದಂಡೆಯ ಊರುಗಳಿಗೆ ಬಂದು ಗಂಡಸರನ್ನು ಹೊರಡಿಸಿದವರಲ್ಲಿ ಅವರೂ ಒಬ್ಬರು. ತಾವು ಮಾತ್ರ ಬಂದರದಿಂದ ಆಚೆಗೆ ಕಾಲಿಟ್ಟಿರಲಿಲ್ಲ. ಪೆನ್ಶನ್ ಆದ ಮೇಲೆ ಅವರಿಗೆ ಯುದ್ಧದ ಹುಚ್ಚು ಹಿಡಿಯಿತು. ಮುಂಬಯಿಯ ಹಳೇ ಸಾಮಾನಿನ ಅಂಗಡಿಗಳಿಂದ ತರಿಸಿ ತರಿಸಿ ಒಂದು ಗಾಜಿನ ಕಪಾಟು ತುಂಬಿಸಿದ್ದರು: ಹಿತ್ತಾಳೆ ಗುಂಡಿಗಳು, ಭುಜದ ಬಿಲ್ಲೆಗಳು, ನಗ್ಗಿದ ನೀರಿನ ಬಾಟಲಿ, ಚೂಪು ತುದಿಯ ಜರ್ಮನ್ ಟೋಪಿ. ತೋಪಿನ ಗುಂಡಿನ ಖಾಲಿ ಹಿತ್ತಾಳೆ ಕೊಳವೆಯೊಂದಕ್ಕೆ ನೀರು ತುಂಬಿ ಅವರ ಹೆಂಡತಿ ದಾಸವಾಳ ಸಿಗಿಸಿಡುತ್ತಿದ್ದರು. ಬಂದವರಿಗೆಲ್ಲ ರಾಯರು ಕಪಾಟು ತೆರೆದು ತೋರಿಸಿ, ಯಾವ ವಸ್ತು ಯಾವ ಕಾಳಗದಲ್ಲಿತ್ತು ಎಂದು ತಾವೇ ಹೊತ್ತು ತಂದವರಂತೆ ವರ್ಣಿಸುತ್ತಿದ್ದರು. ಅಲ್ಲೇ ಅಂಕೋಲೆಯಲ್ಲಿ ಜನ ಖಾದಿ ತೊಟ್ಟು ಜೈಲಿಗೆ ಹೋಗುತ್ತಿದ್ದ ಕಾಲದಲ್ಲಿ ಇಲ್ಲಿ ರಾಯರು ಸಾಮ್ರಾಜ್ಯದ ಗುಂಡಿಗಳಿಗೆ ಬೂದಿ ಹಚ್ಚಿ ತಿಕ್ಕುತ್ತಿದ್ದರು.

ನನ್ನ ಅಕ್ಷರ ದುಂಡಗಿದೆ ಎಂದು ಯಾರೋ ಹೇಳಿದ್ದಕ್ಕೆ, ಕಪಾಟಿನ ಸಾಮಾನುಗಳಿಗೆ ಹೆಸರಿನ ಚೀಟಿ ಬರೆಯಲು ಅವರು ನನ್ನನ್ನು ಕರೆಸಿಕೊಂಡರು. ಮಾಸ್ತರಿಕೆ ಮಾಡುವವನಿಗೆ ದೊಡ್ಡವರ ಮನೆಯ ಕರೆ ತಳ್ಳಿಹಾಕುವ ಧೈರ್ಯ ಎಲ್ಲಿಂದ ಬರಬೇಕು? ಬರೆಯುತ್ತ ಕೂತಾಗ ಒಂದು ಸಲ ಅಪ್ಪನ ಮಾತು ಬಂತು. ರಾಯರು ಕುರ್ಚಿಯಿಂದ ಎದ್ದೇಬಿಟ್ಟರು.

"ಅಹೋ ಮಾಸ್ತರ್ರೇ! ಇಷ್ಟು ದಿವಸ ಸುಮ್ನೆ ಇದ್ರಲ್ಲ! ನಮ್ಮ ದಂಡೆಯ ಮನುಷ್ಯಂದು ಒಂದು ಫೋಟೋ ಇಲ್ಲ, ಒಂದು ಬಿಲ್ಲೆ ಇಲ್ಲ ಅಂತ ನಾನು ಒದ್ದಾಡ್ತಾ ಇದ್ದೆ."

ಅಪ್ಪನನ್ನು ಕಳಿಸಿದವರೇ ಈಗ ಅಪ್ಪನಿಲ್ಲದೆ ಕಪಾಟು ಅಪೂರ್ಣ ಎನ್ನುತ್ತಿದ್ದರು. ನನಗೆ ಮೈ ಉರಿಯಿತು, ಆಗುವುದಿಲ್ಲ ಎಂದೆ. ಅವರು ಬಿಡುವ ಆಸಾಮಿಯಲ್ಲ. ಬಿಲ್ಲೆಯ ಮಾತು ಆಮೇಲೆ ನೋಡೋಣ, ಫೋಟೋ ಒಂದಿಷ್ಟು ದಿನಕ್ಕೆ ಕೊಟ್ಟರೆ ಸಾಕು, ದೊಡ್ಡದು ಮಾಡಿಸಿ ಬಣ್ಣ ಹಾಕಿಸಿ ಒಂದು ಪ್ರತಿ ತಾವು ಇಟ್ಟುಕೊಂಡು ಇನ್ನೊಂದನ್ನು ನನ್ನ ಆಯಿಗೆ ಕೊಡುತ್ತೇನೆ ಎಂದರು. ಮನೆಗೆ ಹೋದಾಗ ಇದನ್ನು ಒಂದು ತಮಾಷೆಯ ಮಾತೆಂಬಂತೆ ಆಯಿಗೆ ಹೇಳಿದೆ. ಅವಳು ನಗಲಿಲ್ಲ. ಮೀನು ಕೊಯ್ಯುತ್ತಿದ್ದ ಕೈ ನಿಲ್ಲಿಸಿ ಕೇಳಿದಳು: "ಬಣ್ಣ ಅಂದ್ರೆ? ಮನಷ್ಯರ ಬಣ್ಣವಾ?"

"ಹೌದು."

ಅವಳು ಕೈ ತೊಳೆದು ಬಂದು ಫೋಟೋವನ್ನು ಪೆಟ್ಟಿಗೆಯಿಂದ ತೆಗೆದು ನನ್ನ ಮುಂದಿಟ್ಟಳು. "ತಮಾ, ಸುಳ್ಳು ಎಂತಕ್ಕೆ ಹೇಳೂದು, ಅವ್ರ ಮುಖದ ಬಣ್ಣ ನಂಗೆ ಮರ್ತೇ ಹೋಗದೆ. ಇದ್ರಲ್ಲಿ ಬರೀ ಬೂದಿ ಬೂದಿ ಕಾಣ್ತ್ರು. ಹಾಕ್ಸು. ಆದ್ರೆ ಬೆಳ್ಳಗೆ ಮಾಡ್ಬೇಡ ಅನ್ನು, ಕರೀ ಇದ್ದಿದ್ರು. ಮತ್ತೆ ಈ ಒಂಟಿ ಹರಳು ಕರೀದಲ್ಲ, ಕೆಂಪು. ನನ್ನ ಅಪ್ಪ ಮದ್ವೇಲಿ ಕೊಟ್ಟದ್ದು."

ಸ್ಟುಡಿಯೋದ ಬಣ್ಣದವನು ಕೊಲ್ಲಾಪುರದಲ್ಲಿ ಕೆಲಸ ಕಲಿತು ಬಂದ ಮಧ್ಯವಯಸ್ಸಿನ ಮನುಷ್ಯ. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಬೈಯಲಾದರೂ ಒಬ್ಬ ಸಿಗುತ್ತಿದ್ದ. ಸಣ್ಣ ಫೋಟೋದಿಂದ ದೊಡ್ಡದನ್ನು ತೆಗೆದು, ಅದನ್ನು ಕಂದು ಛಾಯೆಗೆ ತಿರುಗಿಸಿ, ಕಡ್ಡಿಗೆ ಸುತ್ತಿದ ಹತ್ತಿಯಿಂದ ತೆಳ್ಳಗೆ ಎಣ್ಣೆ ಬಣ್ಣ ಸವರುತ್ತಿದ್ದ. ಮುಖವೇ ಮೊದಲು, ಬಟ್ಟೆ ಆಮೇಲೆ. ಸೂಕ್ಷ್ಮ ಕೆಲಸಕ್ಕೆ ಕುಂಚ. ಸಾಮಾನ್ಯವಾಗಿ ಎಲ್ಲರನ್ನೂ ಬೆಳ್ಳಗೆ ಮಾಡುವುದೇ ಅವನ ರೂಢಿ, ಗಿರಾಕಿಗಳಿಗೂ ಅದೇ ಬೇಕು. ಕರಿ ಬಣ್ಣವೇ ಇರಲಿ ಎಂದು ನಾನು ಹೇಳಿದಾಗ ಅವನಿಗೆ ಆಶ್ಚರ್ಯವಾಯಿತು. ಆದರೂ ಒಪ್ಪಿದ.

ಮುಂದಿನ ಶನಿವಾರ ಶಾಲೆ ಬಿಟ್ಟವನೇ ಅರ್ಗಾದಿಂದ ಹೊರಟು ನೋಡಲು ಹೋದೆ. ಎರಡು ಪ್ರತಿಗಳಿಗೂ ಮುಖ ಮುಗಿದಿತ್ತು. ಕಿವಿಯಲ್ಲಿ ಕೆಂಪು ಹರಳು ಹೊಳೆಯುತ್ತಿತ್ತು. ಬಿಸಿಲಿನಲ್ಲಿ ಬಲೆ ಎಳೆದು ಬಂದ ಕೇಣಿಯ ಯಾವ ಗಂಡಸಿನ ಮುಖವೂ ಆಗಬಹುದಾಗಿದ್ದ ಮುಖ ಅದು, ತುಟಿಯ ಹತ್ತಿರ ಮಾತ್ರ ನನ್ನ ಹಾಗೇ ಇತ್ತು. ನಾನು ಅಪ್ಪನನ್ನು ನೋಡಿದ್ದು ಆವತ್ತು ಮೊದಲ ಸಲ ಎಂದೇ ನನ್ನ ಲೆಕ್ಕ. ಬಣ್ಣದವನ ಎದುರು ಅಳುವುದು ಬೇಡವೆಂದು ಕಿಟಕಿಗೆ ಹೋಗಿ ಪೇಟೆ ನೋಡುತ್ತ ನಿಂತೆ. "ಮೇಲಿನ ಕೆಲಸ ಇನ್ನೂ ಸ್ವಲ್ಪ ಉಳಿದದೆ, ಇದು ಒಣಗಬೇಕು" ಎಂದ ಅವನು. ಮೇಲಿನ ಕೆಲಸ ಯಾವುದು ಎಂದು ನಾನು ಕೇಳಲಿಲ್ಲ. ಗುಂಡಿಗಳಿಗೆ ಹಿತ್ತಾಳೆ ಬಣ್ಣ ಹಚ್ಚುವುದಿರಬೇಕು ಅಂದುಕೊಂಡೆ.

ಆಮೇಲೆ ತಿಳಿದ ಸಂಗತಿ ಇದು. ಕಾರವಾರದಲ್ಲಿ ಆಗ ಬದುಕಿದ್ದವರು ಫೋಟೋವನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕುತ್ತಿರಲಿಲ್ಲ. ಹಾಗೆ ಮಾಡಿದರೆ ಆಯುಷ್ಯ ಕಡಿಮೆಯಾಗುತ್ತದೆ ಎಂಬ ಹೆದರಿಕೆ. ದೊಡ್ಡ ಬಣ್ಣದ ಫೋಟೋ ಎಂದರೆ ಸತ್ತವರದು. ಆದ್ದರಿಂದ ಹಳೆಯ ಫೋಟೋ ಹಿಡಿದುಕೊಂಡು ಮಗನೋ ಮೊಮ್ಮಗನೋ ಬಂದರೆ, ಸತ್ತದ್ದು ಯಾರು, ಯಾವಾಗ ಎಂದು ಕೇಳಿ ಅವರ ಮನಸ್ಸು ನೋಯಿಸುವುದು ಬಣ್ಣದವನಿಗೆ ಸರಿ ಕಾಣುತ್ತಿರಲಿಲ್ಲ. ಸುಮ್ಮನೆ ಕೊರಳಿಗೊಂದು ಹೂವಿನ ಮಾಲೆ ಬರೆದುಬಿಡುತ್ತಿದ್ದ. ಅದು ಅವನು ತನ್ನ ಕಡೆಯಿಂದ ಸೇರಿಸುತ್ತಿದ್ದ ಮರ್ಯಾದೆ. ರಾಯರು ಎರಡೂ ಪ್ರತಿಗಳನ್ನು ತಾವೇ ತರಿಸಿಕೊಂಡರು, ಮಾಲೆಯನ್ನು ನೋಡಿದರು, ಮೆಚ್ಚಿದರು. ನನಗೆ ತೋರಿಸಲಿಲ್ಲ. ಮುಂದಿನ ವಾರದ ಭಾನುವಾರ ಕೇಣಿಗೆ ತಾವೇ ಬಂದು ಫೋಟೋ ಕೊಡುವುದಾಗಿ, ಸಣ್ಣದೊಂದು ಸಮಾರಂಭ ಮಾಡೋಣವೆಂದು ಹೇಳಿ ಕಳಿಸಿದರು. ನಾಲ್ಕು ಜನರೆದುರು ಫೋಟೋ ಕೊಟ್ಟರೆ ಆಯಿ ಕರಗಿ ಬಿಲ್ಲೆ ಕೊಟ್ಟಾಳು ಎಂಬುದು ಅವರ ಎಣಿಕೆ.

ಆ ಭಾನುವಾರ ಬಾಡಿಗೆ ಮೋಟಾರಿನಲ್ಲಿ ಬಂದರು. ದಾರಿಯಲ್ಲಿ ಪಟೇಲನನ್ನೂ ಹತ್ತಿಸಿಕೊಂಡು ಬಂದಿದ್ದರು. ನಮ್ಮ ಅಂಗಳದಲ್ಲಿ ಒಂದು ಸ್ಟೂಲು ಇಟ್ಟು, ಅದರ ಮೇಲೆ ಕಟ್ಟು ಹಾಕಿಸಿದ ಫೋಟೋ ನಿಲ್ಲಿಸಿ, ಬಿಳಿ ಬಟ್ಟೆ ಮುಚ್ಚಿದರು. ಸರಕಾರದ ಮನುಷ್ಯ ಬಂದಿದ್ದಾನೆಂದು ಕೇರಿಯ ಹಿರಿಯರು ಬಂದು ಸಾಲಾಗಿ ಕೂತರು. ದೊಡ್ಡವರೆದುರು ಏನು ಮಾತಾಡಬೇಕೋ ತಿಳಿಯದೆ ಎಲ್ಲರೂ ಬಾಯಿ ಮುಚ್ಚಿಕೊಂಡೇ ಕೂತರು. ಅದನ್ನು ನೋಡುವಾಗಲೇ ನನಗೆ ಎಲ್ಲೋ ಅಳುಕಾಯಿತು. ಆಯಿ ಮಾತ್ರ ಮದುವೆ ಮನೆಗೆ ಹೊರಟವಳ ಹಾಗೆ ಹೊಸ ಸೀರೆ ಉಟ್ಟು, ತುರುಬಿನ ತುಂಬ ಅಬ್ಬಲಿಗೆ ಮುಡಿದು, ಬಾಗಿಲಲ್ಲಿ ಬಂದು ನಿಂತಳು.

ರಾಯರು ನಮಗಾರಿಗೂ ತಿಳಿಯದ ಏನೇನೋ ದೊಡ್ಡ ಮಾತುಗಳನ್ನಾಡಿ ಬಟ್ಟೆ ಎಳೆದರು.

ಅಪ್ಪನ ಕೊರಳಲ್ಲಿ ದಪ್ಪ ಗೊಂಡೆ ಹೂವಿನ ಮಾಲೆ. ಹಳದಿ ಬಣ್ಣ ಇನ್ನೂ ಹಸಿ ಹಸಿಯಾಗಿ ಹೊಳೆಯುತ್ತಿತ್ತು. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾರವಾರದಿಂದ ಸರಕಾರದವರೇ ಬಂದಿದ್ದಾರೆ, ಪಟೇಲ ಜೊತೆಗಿದ್ದಾನೆ, ಅಂಗಳದಲ್ಲಿ ಹಿರಿಯರು ಮಾತಿಲ್ಲದೆ ಕೂತಿದ್ದಾರೆ, ಫೋಟೋಕ್ಕೆ ಮಾಲೆಯಿದೆ. ನಮ್ಮ ಕೇರಿಯವರಿಗೆ ಇದಕ್ಕಿಂತ ಹೆಚ್ಚು ಏನು ಹೇಳಬೇಕು? ಅಪ್ಪನ ಅಕ್ಕ, ನನ್ನ ಅತ್ತೆ, ಎದೆ ಬಡಿದುಕೊಂಡು "ಅಯ್ಯಯ್ಯೋ ತಮ್ಮಾ, ಹೋದ್ಯಾ!" ಎಂದು ಕೂಗಿದಳು. ಅದರ ಹಿಂದೆಯೇ ಹೆಂಗಸರೆಲ್ಲ ಕೂಗಿದರು.

ನಾನು ನಡುವೆ ಹೋಗಿ ನಿಂತು, "ಇದು ತಪ್ಪು! ಬಣ್ಣದವ ಸುಮ್ನೆ ಬರ್ದದ್ದು, ಸುದ್ದಿ ಎಂತದೂ ಬರ್ಲಿಲ್ಲ!" ಎಂದು ಕಿರುಚಿದೆ. ಕೇರಿಯ ಯಜಮಾನ ಕೈ ಎತ್ತಿ ನನ್ನನ್ನು ತಡೆದ. "ಮಾಸ್ತರಾ, ನೀ ಸುಮ್ನಿರು. ಸಾಹೇಬ್ರು ಹೇಳ್ಲಿ."

ನಾನು ರಾಯರತ್ತ ತಿರುಗಿದೆ. "ಹೇಳಿ ರಾಯರೇ. ನನ್ನ ಅಪ್ಪ ಸತ್ತದ್ದು ನಿಮಗೆ ಯಾರು ಹೇಳಿದ್ರು? ಇವರೆಲ್ಲರ ಎದುರಿಗೆ ಹೇಳಿ."

ಒಂದು ಮಾತು ಸಾಕಿತ್ತು. ಗೊತ್ತಿಲ್ಲ ಎಂಬ ಒಂದೇ ಮಾತು. ಆ ಮನುಷ್ಯನಿಗೆ ಗೊತ್ತಿಲ್ಲ ಎನ್ನುವುದು ಬಾಯಲ್ಲಿ ಬರುವ ಮಾತೇ ಆಗಿರಲಿಲ್ಲ. ಕನ್ನಡಕ ಸರಿಮಾಡಿಕೊಂಡು, ಶಾಲೆಯ ಮಕ್ಕಳಿಗೆ ಬುದ್ಧಿ ಹೇಳುವ ಹಾಗೆ ಹೇಳಿದರು: "ಅಹೋ ಮಾಸ್ತರ್ರೇ, ಇಷ್ಟು ವರ್ಷ ಆತಲ್ಲ. ಬಂದಿಲ್ಲ ಅಂದ್ರೆ ಅರ್ಥ ಎಂತದು? ಮತ್ತೆ ಮಾಲೆ ಛಲೋ ಕಾಣ್ತದೆ, ನೋಡ್ರಿ."

ಯಜಮಾನ ಎದ್ದ. ಹಿರಿಯರೆಲ್ಲ ಎದ್ದರು. ಆಯಿ ಬಾಗಿಲಲ್ಲಿ ಹಾಗೆಯೇ ನಿಂತಿದ್ದಳು. ಅವಳ ಕಣ್ಣು ಮಾಲೆಯ ಮೇಲಿರಲಿಲ್ಲ, ಕಿವಿಯ ಕೆಂಪು ಹರಳಿನ ಮೇಲಿತ್ತು.

ಆವತ್ತು ಇಳಿಹೊತ್ತಿಗೆ ಹೆಂಗಸರು ಅವಳನ್ನು ದಂಡೆಗೆ ಕರೆದುಕೊಂಡು ಹೋದರು. ಗಂಡಸರು ಅಲ್ಲಿಗೆ ಹೋಗುವಂತಿಲ್ಲ. ನಾನು ದೋಣಿಗಳ ಹಿಂದೆ ಮರಳಿನಲ್ಲಿ ಕೂತಿದ್ದೆ. ಕಲ್ಲಿನ ಮೇಲೆ ಬಳೆ ಒಡೆಯುವ ಸದ್ದು ಕೇಳಿತು. ಆಯಿಯ ಅಳು ಕೇಳಲಿಲ್ಲ. ಒದ್ದೆ ಸೀರೆಯಲ್ಲಿ ತಿರುಗಿ ಬಂದಾಗ ನೋಡಿದೆ. ಅಷ್ಟು ವರ್ಷ ಕುಂಕುಮ ಇದ್ದ ಜಾಗದಲ್ಲಿ ಹಣೆಯ ಚರ್ಮ ಬೇರೆಯೇ ಬಣ್ಣದ್ದಾಗಿತ್ತು, ಬೆಳ್ಳಗೆ, ದುಂಡಗೆ. ಅದನ್ನು ಯಾರೂ ಒರೆಸಲಾರರು.

ರಾಯರು ಅಷ್ಟು ಹೊತ್ತಿಗೆ ಮೋಟಾರು ಹತ್ತಿ ಹೋಗಿಯಾಗಿತ್ತು. ಕತ್ತಲಾಗುವ ಮೊದಲು ಘಾಟಿ ದಾಟಬೇಕಾಗಿತ್ತಂತೆ.

ಮರುದಿನ ಶಾಲೆಗೆ ಹೋಗದೆ ಫೋಟೋ ಕಂಕುಳಲ್ಲಿ ಇಟ್ಟುಕೊಂಡು ಸ್ಟುಡಿಯೋಕ್ಕೆ ಹೋದೆ. ಬಣ್ಣದವನಿಗೆ ಬಾಯಿಗೆ ಬಂದ ಹಾಗೆ ಬೈದೆ. ಅವನು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡು, "ನಂಗೆ ಯಾರು ಹೇಳಿದ್ರು ಮಾಸ್ತರ್ರೇ, ಬದುಕಿದ್ದವ್ರ ಫೋಟೋ ಅಂತ? ಹೇಳಿದ್ರೆ ನಾ ಎಂತಕ್ಕೆ ಬರೀತಿದ್ದೆ?" ಎಂದ. ಆಮೇಲೆ ಗಾಜು ಕಳಚಿ, ಹತ್ತಿಯನ್ನು ಟರ್ಪೆಂಟೈನಿನಲ್ಲಿ ಅದ್ದಿ ಅಪ್ಪನ ಕೊರಳಿನ ಮೇಲೆ ಆಡಿಸಿದ. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಗೊಂಡೆ ಹೂಗಳು ಹತ್ತಿಗೆ ಹಳದಿ ಹಳದಿಯಾಗಿ ಅಂಟಿಕೊಂಡು ಬಂದವು. ಕೆಳಗೆ ಖಾಕಿ ಕೋಟು, ಗುಂಡಿಗಳು, ಎಲ್ಲ ಇದ್ದ ಹಾಗೇ ಇದ್ದವು. ಒಂದು ಬೀಡಿ ಸೇದುವಷ್ಟು ಹೊತ್ತೂ ಹಿಡಿಯಲಿಲ್ಲ. "ನೋಡಿ, ಹೋಯ್ತು" ಎಂದ.

ಇಷ್ಟು ಸುಲಭವಾಗಿ ಹೋಗುವ ಬಣ್ಣಕ್ಕಾಗಿ ಅಲ್ಲಿ ಅಷ್ಟೆಲ್ಲ ಆಗಿಹೋಗಿತ್ತು. ಅದನ್ನೇ ಯೋಚಿಸುತ್ತ ಮೋಟಾರಿನಲ್ಲಿ ಊರಿಗೆ ಬಂದೆ. ಮನೆಗೂ ಹೋಗದೆ ನೇರ ಯಜಮಾನನ ಹತ್ತಿರ ಹೋಗಿ ಫೋಟೋ ಹಿಡಿದೆ. ಮಾಲೆ ಇಲ್ಲ, ನೋಡು, ಅದು ಬರೀ ಬಣ್ಣ, ಆಯಿ ಮತ್ತೆ ಕುಂಕುಮ ಇಟ್ಟುಕೊಳ್ಳಲಿ ಎಂದೆ. ಅವನು ಫೋಟೋವನ್ನು ಬಹಳ ಹೊತ್ತು ನೋಡಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಮಾಸ್ತರಾ, ಅಳಿಸಿದ ಕುಂಕ್ಮ ಮತ್ತೆ ಇಡ್ಬೇಕಂದ್ರೆ ಇನ್ನೊಬ್ಬ ಗಂಡ ಬೇಕಾಗ್ತ. ನಿನ್ನ ಆಯಿ ಹತ್ರ ಹೋಗಿ ಈ ಮಾತು ಕೇಳ್ತ್ಯಾ?" ಎಂದ. ನಾನು ಎದ್ದು ಬಂದೆ.

ಆಯಿ ಜಗಲಿಯಲ್ಲಿ ಕೂತಿದ್ದಳು. ಬೋಳು ಕೈ, ಬೋಳು ಹಣೆ. ಅವಳ ಮಡಿಲಲ್ಲಿ ಫೋಟೋ ಇಟ್ಟೆ. ಅಪ್ಪನ ಕರಿ ಮುಖದ ಮೇಲೆ ಬೆರಳಾಡಿಸಿದಳು. ಹೌದು, ಇದೇ ಬಣ್ಣ ಎಂದಳು. ಒಂಟಿಯ ಹರಳನ್ನು ಮುಟ್ಟಿದಳು. ಆಮೇಲೆ ಕೊರಳು ನೋಡಿದಳು.

"ಮಾಲೆ ತೆಗ್ಸಿದ್ಯಾ?"

"ಹೌದು ಆಯಿ. ಅದು ಸುಳ್ಳು. ಸುದ್ದಿ ಯಾರಿಗೂ ಬರ್ಲಿಲ್ಲ. ಅಪ್ಪ ಸತ್ತದ್ದು ಯಾರಿಗೂ ಗೊತ್ತಿಲ್ಲ."

"ಹಾಂಗಾರೆ ನಾ ಯಾರಿಗೆ ಅಂತ ಹಿಂಗೆ ಕೂತದ್ದು?"

ಅವಳೇ ಮುಂದೆ ಹೇಳಿದಳು. ದನಿ ಏರಿಸಲಿಲ್ಲ, ಅಳಲಿಲ್ಲ. "ಅವ್ರು ಎಲ್ಲೋ ಬದ್ಕಿದ್ರೆ, ನಾ ಬೋಳು ಹಣೇಲಿ ಕೂತದ್ದು ಅವ್ರಿಗೆ ಶಾಪ ಆಗ್ತದೆ ತಮಾ. ನನ್ನ ಕೈಯಾರೆ ಅವ್ರನ್ನ ಸಾಯ್ಸಿದ ಹಾಂಗೆ ಆಗ್ತದೆ. ಹೊತ್ತು ಮೂಡಿದ್ರೆ ಇವ್ರ ಮುಖ ನೋಡ್ಬೇಕು ನಾನು. ಹಿಂಗೆ ನೋಡುಕೆ ನನ್ಕೂಡೆ ಆಗೂದಿಲ್ಲ. ಹೋಗು, ಮಾಲೆ ಮತ್ತೆ ಹಾಕ್ಸಕಂಡ ಬಾ."

ನಾನು ಆಗುವುದಿಲ್ಲ ಎಂದೆ. ಕೂಗಾಡಿದೆ. ಫೋಟೋವನ್ನೇ ಒಡೆದು ಹಾಕುತ್ತೇನೆ ಎಂದೆ. ಅವಳು ಎದ್ದು ಒಳಗೆ ಹೋದಳು. ಅಂಕೋಲೆಯ ಖಾದಿಯವರ ಕಣ್ಣಿಗೆ ಬೀಳಬಾರದೆಂದು ಅಕ್ಕಿ ಮಡಕೆಯಲ್ಲಿ ಹುಗಿದಿಟ್ಟಿದ್ದ ಬಿಲ್ಲೆಯನ್ನು ತಂದು, ಸೆರಗಿನಿಂದ ಅಕ್ಕಿಹುಡಿ ಒರೆಸಿ ನನ್ನ ಕೈಗಿಟ್ಟಳು. "ಹಾಂಗೇ ಇದ್ನೂ ಆ ರಾಯರಿಗೆ ಕೊಟ್ಟ ಬಾ. ಸತ್ತವ್ರಿಗೂ ಕೊಡ್ತ್ರು ಅಂತ ಈಗ ತಿಳೀತಲ." ಮರುದಿನ ಬೆಳಿಗ್ಗೆ ನಾನು ಹೊರಡುವಾಗ ಹಿಂದಿನಿಂದ ಕರೆದಳು. "ಗೊಂಡೆ ಹೂ ಬೇಡ ಅನ್ನು. ಅಬ್ಬಲಿಗೆ ಹಾಕ್ಸು."

ರಾಯರ ಮನೆಗೆ ಮೊದಲು ಹೋದೆ. ಅವರು ಬಿಲ್ಲೆಯನ್ನು ಎರಡೂ ಕೈಯಿಂದ ಇಸಕೊಂಡು, ಕಪಾಟು ತೆರೆದು, ಮಾಲೆ ಹಾಕಿದ ತಮ್ಮ ಪ್ರತಿಯ ಕೆಳಗೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ಅದಕ್ಕೊಂದು ಚೀಟಿ ಬರೆದುಕೊಡಿ ಎಂದು ನನ್ನನ್ನೇ ಕೇಳಿದರು. ನಾನು ಮೆಟ್ಟಿಲಿಳಿದು ಬಂದೆ. ಆ ಮನೆಯ ಮೆಟ್ಟಿಲು ಮತ್ತೆ ತುಳಿಯಲಿಲ್ಲ.

ಸ್ಟುಡಿಯೋದ ಮಹಡಿಯಲ್ಲಿ ಬಣ್ಣದವನು ನನ್ನನ್ನು ಕಂಡು ಗಾಬರಿಯಾದ. ಮತ್ತೆ ಬೈಯಲು ಬಂದೆ ಅಂದುಕೊಂಡನೋ ಏನೋ. ನಾನು ಫೋಟೋವನ್ನು ಅವನ ಮೇಜಿನ ಮೇಲಿಟ್ಟು, ಮಾಲೆ ಬರೆ, ಅಬ್ಬಲಿಗೆಯದು ಎಂದೆ. ಅವನು ನನ್ನ ಮುಖ ನೋಡಿದ. ಕೆಂಪಿಗೆ ಹಳದಿ ಕಲಸಿ, ಕುಂಚವನ್ನು ಬೆರಳಲ್ಲಿ ಚೂಪು ಮಾಡಿಕೊಂಡು, ಅಪ್ಪನ ಎಡ ಭುಜದಿಂದ ಶುರು ಮಾಡಿ ಒಂದೊಂದೇ ಹೂ ಪೋಣಿಸುತ್ತ ಬಂದ. ಬೆಳಕಿಗೆ ಅಡ್ಡ ನಿಲ್ಲಬೇಡಿ ಎಂದಾಗ ಒಂದಿಷ್ಟು ಸರಿದು ನಿಂತೆ.

ಮುಗಿದ ಮೇಲೆ, ಒಣಗುವ ತನಕ ಮುಟ್ಟಬೇಡಿ ಎಂದು ಹೇಳಿ ಅವನು ಊಟಕ್ಕೆ ಹೋದ. ನಾನು ಅಲ್ಲೇ ಬೆಂಚಿನ ಮೇಲೆ ಕೂತು ಅದು ಒಣಗುವುದನ್ನೇ ಕಾದೆ.